ಭಟ್ಟಿಯ ಎದುರು ಅಮ್ಮ

2025ರ ಫೆಬ್ರವರಿಯ ಒಂದು ಶನಿವಾರ ರಾತ್ರಿ ಊರಿನಿಂದ ತಮ್ಮ ಫೋನ್ ಮಾಡಿದ್ದ. "ಅಮ್ಮನನ್ನು ಇವತ್ತು ಎಲ್ಲಿಗೆ ಕರೆದುಕೊಂಡು ಹೋಗಿದ್ದೆ ಅಣ್ಣಾ?" ಎಂದು ಕೇಳಿದ. "ಭಟ್ಟಿ ನೋಡಲಿಕ್ಕೆ" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಎಂಬತ್ತರ ಹೊಸ್ತಿಲಲ್ಲಿರುವ, ಶನಿವಾರ ಒಪ್ಪೊತ್ತು ಮಾಡುವ ತಾಯಿಯನ್ನು ಭಟ್ಟಿಗೆ ಕರೆದೊಯ್ಯುವ ವೈದ್ಯ ಮಗನ ಬಗ್ಗೆ ಅವನು ಏನು ಯೋಚಿಸಿರಬಹುದೆಂದು ನೆನೆದು ನನಗೆ ನಗು ಬಂತು. ಆದರೆ ಅಮ್ಮ ನಗಲಿಲ್ಲ. ಆ ಹೊತ್ತಿಗೆ ಅವರು ನನಗೆ ಐವತ್ತು ವರ್ಷಗಳಿಂದ ಹೇಳದೆ ಉಳಿಸಿಕೊಂಡಿದ್ದ ಒಂದು ಕಥೆಯನ್ನು ಹೇಳಿ ಮುಗಿಸಿದ್ದರು.

ಮೊದಲು ತಮ್ಮನ ಅನುಮಾನವನ್ನು ಪರಿಹರಿಸುತ್ತೇನೆ. ನಾವು ನೋಡಿದ್ದು ಮದ್ಯದ ಭಟ್ಟಿಯಲ್ಲ. ಬಹರೈನಿನ ಉತ್ತರದ ಹಳ್ಳಿಗಳಲ್ಲಿ, ಖರ್ಜೂರದ ತೋಟಗಳು ಇನ್ನೂ ಅಷ್ಟಿಷ್ಟು ಉಳಿದಿರುವ ಕಡೆ, ಗಿಡಮೂಲಿಕೆಗಳ ನೀರನ್ನು ಭಟ್ಟಿ ಇಳಿಸುವ ಕೆಲವು ಮನೆತನಗಳಿವೆ. ಪುದೀನದ ನೀರು, ಗುಲಾಬಿಯ ನೀರು, ಸೋಂಪಿನ ನೀರು, 'ಮರ್ಗದೂಶ್' ಎಂದು ಇವರು ಕರೆಯುವ ಸಸ್ಯದ ನೀರು. ಈ ಮರ್ಗದೂಶ್ ಬೇರೇನೂ ಅಲ್ಲ, ನಮ್ಮ ಹೆಂಗಸರು ಮಲ್ಲಿಗೆಯ ಜೊತೆ ಕಟ್ಟಿ ಮುಡಿಯುವ ಮರುಗ. ಎಲ್ಲಕ್ಕಿಂತ ಹೆಸರಾದದ್ದು 'ಮಾ ಅಲ್ ಲಿಕಾಹ್', ಅಂದರೆ ಗಂಡು ಖರ್ಜೂರದ ಮರದ ಹೂಗೊನೆಯನ್ನು ಮುಚ್ಚಿರುವ ಹಾಳೆಯಿಂದ ಇಳಿಸಿದ ನೀರು. ಅಡಿಕೆಯ ಹಿಂಗಾರವನ್ನು ಮುಚ್ಚಿರುವ ಹಾಳೆಯನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹೊಟ್ಟೆಯುಬ್ಬರಕ್ಕೆ, ಅಜೀರ್ಣಕ್ಕೆ, ಸುಮ್ಮನೆ ಚಹಾದ ಘಮಕ್ಕೆ ಇಲ್ಲಿನವರು ಇದನ್ನು ಬಳಸುತ್ತಾರೆ. ಮನೆಗೆ ಬಂದ ಅತಿಥಿಗೆ ತಣ್ಣೀರಿನಲ್ಲಿ ನಾಲ್ಕು ಹನಿ ಬೆರೆಸಿ ಕೊಡುವುದೂ ಉಂಟು.

ಚಳಿಗಾಲದ ಶನಿವಾರಗಳಂದು ಬುದೈಯಾದ ಸಸ್ಯೋದ್ಯಾನದಲ್ಲಿ ರೈತರ ಸಂತೆ ನಡೆಯುತ್ತದೆ. ಅಮ್ಮನಿಗೆ ಸೂಪರ್ ಮಾರ್ಕೆಟ್ಟುಗಳು ಬೇಸರ ತಂದಿದ್ದವು. ಮಣ್ಣು ಮೆತ್ತಿದ ಮೂಲಂಗಿ ನೋಡಿ ಮುಖ ಅರಳಿತು. ಅಲ್ಲಿ ಬಾಟಲಿಗಳನ್ನು ಸಾಲಾಗಿಟ್ಟು ಕುಳಿತಿದ್ದ ಮುದುಕರೊಬ್ಬರು ಹಿಂದೆ ನನ್ನ ರೋಗಿಯಾಗಿದ್ದವರು. "ದಕ್ತೂರ್, ಈ ತಾಯಿ ನಿಮ್ಮವರೇ?" ಎಂದು ಕೇಳಿ, ಮನೆಗೆ ಬಂದು ಭಟ್ಟಿ ನೋಡಿಯೇ ಹೋಗಬೇಕೆಂದು ಹಟ ಹಿಡಿದರು. ಹತ್ತು ನಿಮಿಷದ ದಾರಿ. ಹೊರಟೆವು.

ಮನೆಯ ಹಿಂಬದಿಯಲ್ಲಿ ಶೀಟಿನ ಮಾಡು. ಅದರ ಕೆಳಗೆ ಮೂರು ತಾಮ್ರದ ಹಂಡೆಗಳು. ಒಂದೊಂದರ ಕುತ್ತಿಗೆಯಿಂದ ಕೊಳವೆಯೊಂದು ಹೊರಟು, ಪಕ್ಕದ ಸಿಮೆಂಟಿನ ತೊಟ್ಟಿಯ ತಣ್ಣೀರಿನೊಳಗೆ ಸುತ್ತಿ ಸುತ್ತಿ ಇಳಿದು, ಆಚೆ ಬದಿಯಲ್ಲಿ ಗಾಜಿನ ಜಾಡಿಯ ಮೇಲೆ ಬಾಯಿ ತೆರೆದಿತ್ತು. ಮುದುಕರ ಇಬ್ಬರು ಗಂಡುಮಕ್ಕಳು ಖರ್ಜೂರದ ಹಾಳೆಗಳನ್ನು ಕತ್ತಿಯಿಂದ ಕೊಚ್ಚುತ್ತಿದ್ದರು. ಕೊಚ್ಚಿದ್ದನ್ನು ಹಂಡೆಗೆ ತುಂಬಿ, ನೀರು ಹೊಯ್ದು, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಏಳುವ ಆವಿ ಹಾಳೆಯೊಳಗಿನ ಸುಗಂಧತೈಲವನ್ನು ಹೊತ್ತುಕೊಂಡು ಕೊಳವೆ ಸೇರುತ್ತದೆ, ತಣ್ಣೀರಿನಲ್ಲಿ ಮತ್ತೆ ನೀರಾಗಿ ತೊಟ್ಟಿಕ್ಕುತ್ತದೆ. ಒಟ್ಟು ವಿದ್ಯೆ ಇಷ್ಟೇ. ಉರಿ ಜೋರಾದರೆ ಹೊತ್ತಿದ ವಾಸನೆ ಬರುತ್ತದೆ, ಮಂದವಾದರೆ ಘಮವೇ ಏಳುವುದಿಲ್ಲ. "ಕಿವಿಯಿಂದ ತಿಳಿಯಬೇಕು" ಎಂದರು ಮುದುಕರು, ಹಂಡೆಯೊಳಗಿನ ಕುದಿತದ ಸದ್ದಿನತ್ತ ಬೆರಳು ತೋರಿಸಿ. ರಂಜಾನ್ ಹತ್ತಿರವಾಗಿದ್ದುದರಿಂದ ಮೂರೂ ಒಲೆಗಳು ಬಿಡುವಿಲ್ಲದೆ ಉರಿಯುತ್ತಿದ್ದವು. ಮೇಲೆ ತಿರುಗುತ್ತಿದ್ದ ಫ್ಯಾನನ್ನು ಅವರು 'ಬಾನ್ಕಾ' ಎಂದು ಕರೆದಾಗ ಅಮ್ಮ ನನ್ನ ಮುಖ ನೋಡಿದರು. ನಮ್ಮ ಪಂಖವೇ ಅದು. 1965ರಲ್ಲಿ ದಿನಾರ್ ಬರುವವರೆಗೆ ಈ ನಾಡಿನಲ್ಲಿ ಚಲಾವಣೆಯಲ್ಲಿದ್ದುದು ರೂಪಾಯಿ. ಮುದುಕರ ಬಾಯಲ್ಲಿ ಮುಂಬಯಿಯ ಹಿಂದಿ ಇನ್ನೂ ಅರ್ಧ ಉಳಿದಿದೆ.

ವೈದ್ಯಕೀಯ ಓದಿದವನಿಗೆ ಈ ಶೀಟಿನ ಮಾಡಿನ ಕೆಳಗೆ ನಿಂತರೆ ಒಂದು ಬಗೆಯ ಋಣಭಾವ ಮೂಡುತ್ತದೆ. ಒಂಬತ್ತನೆಯ ಶತಮಾನದ ಅಲ್ ಕಿಂದಿ ಸುಗಂಧದ್ರವ್ಯಗಳನ್ನೂ ಅವುಗಳನ್ನು ಭಟ್ಟಿ ಇಳಿಸುವ ಕ್ರಮಗಳನ್ನೂ ಕುರಿತು ಒಂದು ಗ್ರಂಥವನ್ನೇ ಬರೆದ. ಯುರೋಪಿನ ಭಾಷೆಗಳಲ್ಲಿ ಭಟ್ಟಿಯ ಪಾತ್ರೆಗಿರುವ 'ಅಲೆಂಬಿಕ್' ಎಂಬ ಹೆಸರು ಅರಬ್ಬಿಯ 'ಅಲ್ ಅಂಬೀಕ್'ನಿಂದ ಹೋದದ್ದು. 'ಆಲ್ಕೋಹಾಲ್' ಕೂಡ ಅರಬ್ಬಿಯದೇ. ಮೊದಲು ಅದು ಕಣ್ಣಿಗೆ ಹಚ್ಚುವ ಕಪ್ಪಿನ ಹೆಸರಾಗಿತ್ತು. 'ಅರಕ್' ಎಂದರೆ ಅರಬ್ಬಿಯಲ್ಲಿ ಬೆವರು. ಪಾತ್ರೆಯ ಕುತ್ತಿಗೆಯಲ್ಲಿ ಬೆವರಿನಂತೆ ಹನಿಗಟ್ಟುವುದರಿಂದ ಈ ಹೆಸರು. ನಮ್ಮ ನಾಡಿನ ಯುನಾನಿ ಹಕೀಮರು 'ಅರ್ಕ್' ಎನ್ನುತ್ತಾರೆ, ಆಯುರ್ವೇದದ ಪಂಡಿತರು 'ಅರ್ಕ' ಎನ್ನುತ್ತಾರೆ, ಸರ್ಕಾರ 'ಅರಾಕ್' ಎಂದು ಕರೆದು ತೆರಿಗೆ ಹಾಕಿತು, ಕೊನೆಗೆ 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಅದನ್ನು ನಿಷೇಧಿಸಿತು. ಹೊಟ್ಟೆನೋವಿಗೆ ಅಜ್ಜಿ ಕುಡಿಸುತ್ತಿದ್ದ ಓಮದ ಅರ್ಕವೂ ಮನೆಗಳನ್ನು ಹಾಳುಮಾಡಿದ ಪ್ಯಾಕೆಟ್ ಸಾರಾಯಿಯೂ ಒಂದೇ ಬಗೆಯ ಪಾತ್ರೆಯಿಂದ ಇಳಿದವು.

ಇದನ್ನೆಲ್ಲ ನಾನು ಅಮ್ಮನಿಗೆ ವಿವರಿಸುತ್ತಿದ್ದೆ. ಅವರು ಕೇಳುತ್ತಿರಲಿಲ್ಲ. ಹಂಡೆಗೂ ಕೊಳವೆಗೂ ಸೇರುವಲ್ಲಿ ಮೆತ್ತಿದ್ದ ಹಿಟ್ಟಿನ ಕಣಕವನ್ನೇ ನೋಡುತ್ತಿದ್ದರು. ಅಲ್ಲೊಂದು ಬಿರುಕಿನಿಂದ ಆವಿ ಸಣ್ಣಗೆ ಹೊರಬರುತ್ತಿತ್ತು. ಅಮ್ಮ ಮುಂದೆ ಹೋಗಿ, ಪಕ್ಕದ ಬಟ್ಟಲಲ್ಲಿದ್ದ ಕಣಕದಿಂದ ಒಂದು ಚೂರು ತೆಗೆದು, ಬೆರಳು ಸುಡದಂತೆ ಒದ್ದೆ ಬಟ್ಟೆಯನ್ನು ಸುತ್ತಿಕೊಂಡು, ಆ ಬಿರುಕನ್ನು ಒತ್ತಿ ಮುಚ್ಚಿದರು. ಎಷ್ಟು ಸಲೀಸಾಗಿ ಮಾಡಿದರೆಂದರೆ ಮುದುಕರ ಹಿರಿಮಗ ಕತ್ತಿಯನ್ನು ಕೆಳಗಿಟ್ಟು, "ಖಾಲಾ, ನಿಮಗೆ ಈ ಕೆಲಸ ಗೊತ್ತಿದೆ!" ಎಂದ. ನಾನು ಅನುವಾದಿಸುವ ಮೊದಲೇ ಅಮ್ಮ ತುಳುವಿನಲ್ಲಿ ನನಗೆ ಮಾತ್ರ ಕೇಳುವಂತೆ ಹೇಳಿದರು: ಹಿಟ್ಟಿಗಿಂತ ಹುತ್ತದ ಮಣ್ಣು ಒಳ್ಳೆಯದು, ಬಿರುಕು ಬಿಡುವುದಿಲ್ಲ.

ಕಾರಿನಲ್ಲಿ ಹಿಂದಿರುಗುವಾಗ ಉಳಿದದ್ದನ್ನು ಹೇಳಿದರು.

ನನ್ನ ತಾಯಿಯ ತಂದೆಯದು ಬೆಳ್ತಂಗಡಿ ಕಡೆಯ ಮೂರ್ತೆ ಕಸುಬಿನ ಮನೆ. ತಾಳೆ, ಬೈನೆ, ತೆಂಗಿನ ಮರ ಹತ್ತಿ ಕಳ್ಳು ಇಳಿಸಿ ಬದುಕಿದವರು. ಆಗ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. 1948ರ ಅಕ್ಟೋಬರಿನಿಂದ ಮದ್ರಾಸ್ ಪ್ರಾಂತದಾದ್ಯಂತ ಪಾನನಿಷೇಧ ಬಂತು. ಮರ ಹತ್ತುವುದೇ ಅಪರಾಧವಾಯಿತು. ಜಮೀನಿಲ್ಲ, ಬೇರೆ ಕಸುಬು ತಿಳಿದಿಲ್ಲ. ಅಜ್ಜ ಗುಡ್ಡದ ಗೇರುಮರಗಳತ್ತ ತಿರುಗಿದರು. ಮಾರ್ಚ್‌ನಿಂದ ಮೇವರೆಗೆ ಗೇರುಹಣ್ಣು ಉದುರಿ ಕೊಳೆಯುತ್ತದೆ, ಬೀಜಕ್ಕಷ್ಟೇ ಬೆಲೆ. ಆ ಹಣ್ಣನ್ನು ತುಳಿದು, ರಸವನ್ನು ಮಡಕೆಯಲ್ಲಿ ತುಂಬಿ ಎರಡು ಮೂರು ದಿನ ಬಿಟ್ಟರೆ ತಾನಾಗಿಯೇ ಹುಳಿತು ನೊರೆಯೇಳುತ್ತದೆ. ತೋಡಿನ ಬದಿಯ ಪೊದೆಗಳ ನಡುವೆ ಒಲೆ ಹೂಡಿ, ಮಡಕೆಗೆ ಬಿದಿರ ಕೊಳವೆ ಸಿಕ್ಕಿಸಿ, ಸೇರುವಲ್ಲಿ ಹುತ್ತದ ಮಣ್ಣು ಮೆತ್ತಿ, ಇನ್ನೊಂದು ಮಡಕೆಯನ್ನು ತಣ್ಣೀರಿನಲ್ಲಿಟ್ಟು ಭಟ್ಟಿ ಇಳಿಸುತ್ತಿದ್ದರು. ಊರಿನ ಮಾತಿನಲ್ಲಿ ಗಂಗಸರ. ತಣ್ಣೀರಿನ ಮಡಕೆ ಬಿಸಿಯಾಗದಂತೆ ತೋಡಿನಿಂದ ನೀರು ತಂದು ಹೊಯ್ಯುವ ಕೆಲಸ ಒಂಬತ್ತು ವರ್ಷದ ನನ್ನ ಅಮ್ಮನದು. ಬೆಳಗಿನ ಜಾವ ಮೂರಕ್ಕೆ ಎದ್ದು, ಹೊಗೆ ಕಾಣದ ಹೊತ್ತಿನಲ್ಲಿ ಕೆಲಸ ಮುಗಿಸಿ, ಶಾಲೆಗೆ ಹೋಗುತ್ತಿದ್ದರಂತೆ.

ಒಂದು ಬೆಳಿಗ್ಗೆ ಪೊಲೀಸರು ಬಂದರು. ಮಡಕೆಗಳನ್ನು ಒಡೆದರು. ಅಜ್ಜನನ್ನು ಮಂಗಳೂರಿಗೆ ಕರೆದೊಯ್ದರು, ಮೂರು ತಿಂಗಳು ಜೈಲು. ಮರುದಿನ ಶಾಲೆಯಲ್ಲಿ ಯಾರೋ ಹುಡುಗ ಅಮ್ಮನ ಹತ್ತಿರ ಬಂದು ಮೂಸಿ ನೋಡಿ, ಗಂಗಸರದ ವಾಸನೆ ಎಂದು ಕೂಗಿದ. ಅಮ್ಮನ ಓದು ಐದನೆಯ ತರಗತಿಗೆ ನಿಂತದ್ದು ಹೀಗೆ. ಮನೆಯಲ್ಲಿ ನಮಗೆ ಹೇಳಿದ್ದು ಬೇರೆ: ಶಾಲೆ ದೂರವಿತ್ತು, ಮಳೆಗಾಲದಲ್ಲಿ ತೋಡು ದಾಟಲಾಗುತ್ತಿರಲಿಲ್ಲ ಎಂದು. "ಅಜ್ಜ ಕುಡಿಯುತ್ತಿದ್ದರೇ ಅಮ್ಮ?" ಎಂದು ಕೇಳಿದೆ. "ಮಾರುವವನು ರುಚಿ ನೋಡದೆ ಇರುತ್ತಾನೆಯೇ ಮಗಾ" ಎಂದರು. ಅಜ್ಜ ನಲವತ್ತಾರಕ್ಕೆ ತೀರಿಕೊಂಡರು. ಕಾಮಾಲೆ ಎಂದು ನಾವು ಕೇಳಿ ಬೆಳೆದೆವು. ನಾನು ಎಂಡಿ ಮಾಡುವಾಗ ನನ್ನದೇ ಕುಟುಂಬದ ಆರೋಗ್ಯಚರಿತ್ರೆ ಬರೆಯಬೇಕಾಗಿ ಬಂದಾಗಲೂ 'ಅಜ್ಜ: ಕಾಮಾಲೆ' ಎಂದು ಬರೆದಿದ್ದೆ. ಹೊಟ್ಟೆಯಲ್ಲಿ ನೀರು ತುಂಬಿ, ಕಾಲು ಬಾತು, ಕೊನೆಗೆ ರಕ್ತ ವಾಂತಿಯಾಗಿ ಹೋದರೆಂದು ಅಮ್ಮ ಆ ಕಾರಿನಲ್ಲಿ ವಿವರಿಸಿದಾಗ, ಮೂವತ್ತು ವರ್ಷ ಸಾವಿರಾರು ಯಕೃತ್ತಿನ ರೋಗಿಗಳನ್ನು ನೋಡಿದ ನಾನು ಈ ಒಬ್ಬರ ಬಗ್ಗೆ ಮಾತ್ರ ಎಂದೂ ಎರಡನೆಯ ಪ್ರಶ್ನೆ ಕೇಳಿರಲಿಲ್ಲವಲ್ಲ ಎಂದು ಅನಿಸಿತು.

ಇದನ್ನು ಬರೆಯುವ ಇಚ್ಛೆ ಆಗ ಇರಲಿಲ್ಲ. ಮನೆಯ ಮಾತು ಮನೆಯಲ್ಲಿರಲಿ ಎಂದುಕೊಂಡಿದ್ದೆ. ಆಗಸ್ಟಿನಲ್ಲಿ ಪಕ್ಕದ ಕುವೈತಿನಿಂದ ಸುದ್ದಿ ಬಂತು: ವಿಷಬೆರೆತ ಮದ್ಯ ಸೇವಿಸಿ 23 ಜನ ಸತ್ತಿದ್ದಾರೆ, 160 ಜನ ಅಸ್ವಸ್ಥರಾಗಿದ್ದಾರೆ, ಎಲ್ಲರೂ ಏಷ್ಯಾದ ದೇಶಗಳಿಂದ ಬಂದವರು. ಕುವೈತಿನಲ್ಲಿ ಮದ್ಯ ಪೂರ್ಣ ನಿಷಿದ್ಧ. ಸುದ್ದಿ ಬಂದ ರಾತ್ರಿ ಊರಿನಿಂದ ನನಗೇ ಐದು ಫೋನುಗಳು ಬಂದವು. ಐವರೂ ಕೇಳಿದ್ದು ಒಂದೇ: "ಬಹರೈನಿನಲ್ಲಿ ಹಾಗೇನಿಲ್ಲ ಅಲ್ಲವೇ ಡಾಕ್ಟ್ರೇ? ಅಲ್ಲಿ ಅಂಗಡಿಯಲ್ಲೇ ಸಿಗುತ್ತದಂತಲ್ಲ?"

ಸಿಗುತ್ತದೆ, ನಿಜ. ಆದರೆ ತಿಂಗಳಿಗೆ ನೂರಿಪ್ಪತ್ತು ದಿನಾರ್ ದುಡಿದು ಎಂಬತ್ತನ್ನು ಊರಿಗೆ ಕಳಿಸುವ ಮನುಷ್ಯನಿಗೆ ಆ ಅಂಗಡಿಯ ಬೆಲೆ ಎಟುಕುವುದಿಲ್ಲ. ಕೊಲ್ಲಿಗೆ ಹೊರಟ ಹುಡುಗರಿಗೆ ಏಜೆಂಟರು 'ಬಹರೈನ್ ಆದರೆ ಫ್ರೀ' ಎಂದು ಹೇಳುವುದನ್ನು ನಾನೇ ಕೇಳಿದ್ದೇನೆ. ಆ ಫ್ರೀ ಎಂಬುದರ ಅರ್ಥ ಹೋಟೆಲಿನಲ್ಲಿ ವಾರಾಂತ್ಯ ಕಳೆಯಬಲ್ಲವರಿಗೆ ಒಂದು, ಒಂದು ಕೋಣೆಯಲ್ಲಿ ಎಂಟು ಮಂಚಗಳಿರುವವರಿಗೆ ಇನ್ನೊಂದು. ಎಂಟು ಮಂಚಗಳ ಕೋಣೆಗೆ ತಲುಪುವುದು ಚೀಟಿಯಿಲ್ಲದ ಪ್ಲಾಸ್ಟಿಕ್ ಬಾಟಲಿ. ಅದನ್ನು ಮಾಡಿದವರು ಯಾರು, ಒಳಗೆ ಏನಿದೆ ಎಂದು ಕೊಡುವವನಿಗೂ ಗೊತ್ತಿರುವುದಿಲ್ಲ.

ಇಲ್ಲಿ ಒಂದು ತಪ್ಪು ನಂಬಿಕೆಯನ್ನು ತಿದ್ದಬೇಕು. ಭಟ್ಟಿಯ ಮೊದಲ ಹನಿಗಳನ್ನು ಚೆಲ್ಲಿದರೆ ವಿಷವೆಲ್ಲ ಹೋಗುತ್ತದೆ ಎಂದು ಕಸುಬು ತಿಳಿದವರೂ ಹೇಳುತ್ತಾರೆ. ಮೆಥನಾಲ್ ಎಂಬ ವಿಷಮದ್ಯ ಸುಮಾರು 65 ಡಿಗ್ರಿಯಲ್ಲಿ ಕುದಿಯುತ್ತದೆ, ಕುಡಿಯುವ ಎಥನಾಲ್ 78ರಲ್ಲಿ. ಆದ್ದರಿಂದ ಮೊದಲು ಬರುವುದು ಮೆಥನಾಲ್ ಎಂಬ ತರ್ಕ. ನೀರು ಬೆರೆತ ರಸದಲ್ಲಿ ಇವೆರಡೂ ಅಷ್ಟು ಸುಲಭವಾಗಿ ಬೇರೆಯಾಗುವುದಿಲ್ಲ. ಮೆಥನಾಲ್ ಕೊನೆಯವರೆಗೂ ಸ್ವಲ್ಪ ಸ್ವಲ್ಪ ಬರುತ್ತಲೇ ಇರುತ್ತದೆ. ಹಾಗೆಂದು ಹಣ್ಣಿನ ರಸ ಹುಳಿತಾಗ ಹುಟ್ಟುವ ಮೆಥನಾಲ್ ಸಾಮಾನ್ಯವಾಗಿ ಊರನ್ನೇ ಕೊಲ್ಲುವಷ್ಟು ಇರುವುದೂ ಇಲ್ಲ. ಸಾಮೂಹಿಕ ಸಾವುಗಳು ಆಗುವುದು ಹೆಚ್ಚಾಗಿ ಕಾರ್ಖಾನೆಯ ಮೆಥನಾಲನ್ನು, ಬಣ್ಣ ತೆಳುಮಾಡಲಿಕ್ಕೆ ಬಳಸುವಂಥದ್ದನ್ನು, ಅಗ್ಗವೆಂದು ಬೆರೆಸಿದಾಗ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ, ಅರಾಕ್ ನಿಷೇಧವಾಗಿ ವರ್ಷ ತುಂಬುವ ಮೊದಲೇ, ಬೆಂಗಳೂರು, ಕೋಲಾರ, ಹೊಸೂರು ಕಡೆ ಮತ್ತೆ ನೂರಕ್ಕೂ ಹೆಚ್ಚು. ಸತ್ತವರು ಬಹುಪಾಲು ಕೂಲಿಯವರು.

ಮೆಥನಾಲಿನ ಕ್ರೂರ ಗುಣವೆಂದರೆ ಅದು ತಡವಾಗಿ ಕಾಡುತ್ತದೆ. ಕುಡಿದಾಗ ಮಾಮೂಲಿ ಅಮಲು. ಮಲಗುತ್ತಾರೆ, ಏಳುತ್ತಾರೆ, ಕೆಲಸಕ್ಕೂ ಹೋಗಬಹುದು. ಅಷ್ಟರಲ್ಲಿ ಯಕೃತ್ತು ಅದನ್ನು ಮೊದಲು ಫಾರ್ಮಾಲ್ಡಿಹೈಡ್, ಬಳಿಕ ಫಾರ್ಮಿಕ್ ಆಮ್ಲವಾಗಿ ಮಾರ್ಪಡಿಸುತ್ತಿರುತ್ತದೆ. ಈ ಆಮ್ಲ ಜೀವಕೋಶಗಳು ಆಮ್ಲಜನಕವನ್ನು ಬಳಸದಂತೆ ತಡೆಯುತ್ತದೆ. ಮೊದಲ ಪೆಟ್ಟು ಬೀಳುವುದು ಕಣ್ಣಿನ ನರಕ್ಕೆ. ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಯ ಬಳಿಕ ತಲೆನೋವು, ಹೊಟ್ಟೆನೋವು, ವಾಂತಿ, ಏದುಸಿರು, ಎದುರಿಗೆ ಮಂಜು ಕವಿದಂತೆ ಬೆಳ್ಳಗೆ ಕಾಣುವುದು. ಸುಮಾರು 10 ಮಿಲಿಲೀಟರ್ ಶುದ್ಧ ಮೆಥನಾಲ್ ಕಣ್ಣು ತೆಗೆಯಬಲ್ಲದು. ಬೇಗ ಬಂದರೆ ಚಿಕಿತ್ಸೆಯಿದೆ: ಫೋಮೆಪಿಜೋಲ್ ಎಂಬ ಔಷಧ, ಅದಿಲ್ಲದಿದ್ದರೆ ಶುದ್ಧ ಎಥನಾಲ್, ಜೊತೆಗೆ ಡಯಾಲಿಸಿಸ್. ಎಥನಾಲ್ ಯಕೃತ್ತಿನ ಅದೇ ಕಿಣ್ವವನ್ನು ಆಕ್ರಮಿಸಿಕೊಂಡು ಮೆಥನಾಲ್ ವಿಷವಾಗಿ ಮಾರ್ಪಡದಂತೆ ತಡೆಯುತ್ತದೆ. ಅಂದರೆ ಮದ್ಯವೇ ಮದ್ದು. ಆದರೆ ಇದನ್ನು ಓದಿದವರು ಮನೆಯಲ್ಲಿ ಪ್ರಯೋಗಕ್ಕೆ ಇಳಿಯಬಾರದು. ಅಳತೆ ತಪ್ಪಿದರೆ ಅದೂ ಕೊಲ್ಲುತ್ತದೆ, ಡಯಾಲಿಸಿಸ್ ಮನೆಯಲ್ಲಿ ಆಗುವುದೂ ಇಲ್ಲ.

ಸುಮಾರು ಹತ್ತು ವರ್ಷದ ಹಿಂದಿನ ಮಾತು. ಗುರುತು ಸಿಗದಂತೆ ಒಂದೆರಡು ವಿವರಗಳನ್ನು ಬದಲಿಸಿ ಹೇಳುತ್ತೇನೆ. ರಾತ್ರಿ ಪಾಳಿಯಲ್ಲಿ ಮೂವತ್ತರ ಆಸುಪಾಸಿನ ಕನ್ನಡಿಗನೊಬ್ಬನನ್ನು ಕರೆತಂದರು. ಉಸಿರು ನಾಯಿಯ ಏದುಸಿರಿನಂತಿತ್ತು. ಜೊತೆಗೆ ಬಂದ ಇಬ್ಬರೂ ಬಾಗಿಲಿನಲ್ಲೇ ನಿಂತರು. ಏನು ಕುಡಿದ ಎಂದು ಕೇಳಿದರೆ "ಏನೂ ಇಲ್ಲ ಸಾರ್, ಬಿಸಿಲಿಗೆ ಹೀಗಾಗಿದೆ" ಎಂದರು. ರಕ್ತದ ಆಮ್ಲತೆಯ ವರದಿ ಬಂದಾಗ ನಾನು ಕನ್ನಡದಲ್ಲೇ ಗದರಿಸಿದೆ. ಆಗ ಅಳುತ್ತ ಹೇಳಿದರು. ಹಿಂದಿನ ಸಂಜೆ ಕುಡಿದದ್ದು, ಬೆಳಿಗ್ಗೆಯೇ ಕಣ್ಣು ಮಂಜು ಎಂದಿದ್ದ, ಪೊಲೀಸರಿಗೆ ಗೊತ್ತಾದರೆ ಎಲ್ಲರನ್ನೂ ಊರಿಗೆ ಕಳಿಸುತ್ತಾರೆಂಬ ಹೆದರಿಕೆಯಿಂದ ಇಡೀ ದಿನ ಕೋಣೆಯಲ್ಲೇ ಮಲಗಿಸಿ ಮಜ್ಜಿಗೆ ಕುಡಿಸಿದ್ದರು. ಜೀವ ಉಳಿಯಿತು. ಕಣ್ಣು ಉಳಿಯಲಿಲ್ಲ, ಬೆಳಕು ಬಂದಾಗ ಬೆಳಕು ಎಂದು ತಿಳಿಯುವಷ್ಟು ಮಾತ್ರ.

ನಾನು ಈ ಲೇಖನದಲ್ಲಿ ಯಾರನ್ನಾದರೂ ದೂರಬೇಕಾದರೆ ನನ್ನಿಂದಲೇ ಆರಂಭಿಸಬೇಕು. ಊರಿಗೆ ಹೊರಡುವ ಹಿಂದಿನ ದಿನ ಅವನು ನನ್ನ ಕೈ ಹುಡುಕಿ ಹಿಡಿದುಕೊಂಡು, "ಡಾಕ್ಟ್ರೇ, ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆಯಿಂದ ಹೀಗಾಯಿತು ಎಂದು ನೀವೇ ಫೋನಿನಲ್ಲಿ ಹೇಳಬೇಕು" ಎಂದ. ರೋಗಿಯ ಗುಟ್ಟನ್ನು ಕಾಯುವುದು ನಮ್ಮ ಧರ್ಮ. ಸುಳ್ಳು ಹೇಳುವುದು ಅಲ್ಲ. ಆ ವ್ಯತ್ಯಾಸ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಫೋನು ಹಿಡಿದುಕೊಂಡು, "ಹೌದಮ್ಮ, ಸಕ್ಕರೆ ಜಾಸ್ತಿಯಾದರೆ ಕಣ್ಣಿಗೆ ತೊಂದರೆಯಾಗುತ್ತದೆ" ಎಂದೆ. ವಾಕ್ಯ ಸತ್ಯವೇ ಆಗಿತ್ತು ಎಂದು ಆಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮೂರು ವರ್ಷದ ಬಳಿಕ ಅವನ ತಮ್ಮ ಅದೇ ಬಗೆಯ ಕೆಲಸಕ್ಕೆ, ಅದೇ ಬಗೆಯ ಕೋಣೆಗೆ ಕೊಲ್ಲಿಗೆ ಬಂದನೆಂದು ಕೇಳಿದೆ. ಅಣ್ಣನಿಗೆ ಸಕ್ಕರೆ ಕಾಯಿಲೆಯಿತ್ತು ಎಂದಷ್ಟೇ ಅವನಿಗೆ ತಿಳಿದಿತ್ತು.

ಅಮ್ಮ ಐವತ್ತು ವರ್ಷ 'ಶಾಲೆ ದೂರವಿತ್ತು' ಎಂದದ್ದೂ, ನಾನು 'ಸಕ್ಕರೆ' ಎಂದದ್ದೂ ಒಂದೇ ಜಾತಿಯ ಮಾತುಗಳು. ಮರ್ಯಾದೆಗಾಗಿ ಹೇಳಿದವು. ಕುಡಿತದ ವಿಷಯದಲ್ಲಿ ನಮ್ಮ ಕುಟುಂಬಗಳಿಗೆ ಎರಡೇ ಭಾಷೆ ಗೊತ್ತು. ಒಂದು, ನಮ್ಮವರು ಮುಟ್ಟುವುದೇ ಇಲ್ಲ ಎಂಬುದು. ಇನ್ನೊಂದು, ಮದುವೆಯ ಹಿಂದಿನ ರಾತ್ರಿ ಕೊಲ್ಲಿಯಿಂದ ಬಂದ ಭಾವನ ಚೀಲದಲ್ಲಿ ಎಷ್ಟು ಬಾಟಲಿಗಳಿವೆ ಎಂಬ ಗುಸುಗುಸು. ಇವೆರಡರ ನಡುವೆ, ಅಲ್ಲಿ ಸಂಜೆ ಹೇಗೆ ಕಳೆಯುತ್ತೀಯಾ, ಯಾರ ಜೊತೆ ಕುಳಿತುಕೊಳ್ಳುತ್ತೀಯಾ, ಕುಡಿಯುತ್ತೀಯಾದರೆ ಏನನ್ನು, ಎಂದು ನೇರವಾಗಿ ಕೇಳುವ ತಾಯಿಯನ್ನಾಗಲಿ ಹೆಂಡತಿಯನ್ನಾಗಲಿ ನಾನು ಹೆಚ್ಚು ಕಂಡಿಲ್ಲ. ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಊಟವಾಯಿತೇ, ಹಣ ಕಳಿಸಿದೆಯಾ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಶುಕ್ರವಾರದ ಮಧ್ಯಾಹ್ನಗಳು ಎಷ್ಟು ಉದ್ದವಾಗಿರುತ್ತವೆಂದು ಇಲ್ಲಿ ಬದುಕಿದವರಿಗೆ ಮಾತ್ರ ಗೊತ್ತು. ಕನ್ನಡ ಸಂಘದ ಯಕ್ಷಗಾನಕ್ಕೋ ಕ್ರಿಕೆಟ್ಟಿಗೋ ಹೋಗುವವರಿಗೆ ಹೇಗೋ ಕಳೆಯುತ್ತದೆ. ಬಸ್ಸಿಗೆ ಹಣ ಉಳಿಸುವವರು ಕೋಣೆಯಲ್ಲೇ ಉಳಿಯುತ್ತಾರೆ.

ಹಾಗಾದರೆ ಎಲ್ಲವನ್ನೂ ನಿಷೇಧಿಸಬೇಕೇ? ಅಜ್ಜನ ಕಥೆ ಕೇಳಿದ ಮೇಲೆ ಹಾಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ನಿಷೇಧ ಅವರ ಮರವನ್ನು ಕಿತ್ತುಕೊಂಡಿತು, ಭಟ್ಟಿಯನ್ನು ಪೊದೆಯೊಳಗೆ ತಳ್ಳಿತು. ಗಡಿಯಾಚೆಯ ಗೋವಾದಲ್ಲಿ ಅದೇ ಗೇರುಹಣ್ಣು, ಅದೇ ಹುಳಿತ ರಸ, ಹೆಚ್ಚುಕಡಿಮೆ ಅದೇ ಮಡಕೆ. ಅಲ್ಲಿ ಕುಟುಂಬಗಳು ಪರವಾನಗಿ ಪಡೆದು ಬಹಿರಂಗವಾಗಿ ಫೆನ್ನಿ ಇಳಿಸುತ್ತವೆ, 2009ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಬಂತು. ಬೆಂಗಳೂರಿನ ಒಂದು ಕುಟುಂಬ 1948ರಲ್ಲಿ, ಅಂದರೆ ಅಜ್ಜನ ಕಸುಬು ಅಪರಾಧವಾದ ವರ್ಷವೇ, ಅಮೃತ್ ಡಿಸ್ಟಿಲರೀಸ್ ಆರಂಭಿಸಿತು. 2004ರಲ್ಲಿ ಅದರ ಸಿಂಗಲ್ ಮಾಲ್ಟ್ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆಯಾಯಿತು. ವಿಮಾನ ನಿಲ್ದಾಣದ ಅಂಗಡಿಗಳಲ್ಲಿ ಅದನ್ನು ಕಂಡು ಕನ್ನಡಿಗರು ಹೆಮ್ಮೆಪಡುವುದನ್ನು ನೋಡಿದ್ದೇನೆ. ಒಬ್ಬರ ಭಟ್ಟಿಗೆ ಪದಕ, ಇನ್ನೊಬ್ಬರದಕ್ಕೆ ಜೈಲು. ನಡುವಿನ ಅಂತರ ಮದ್ಯದ ಗುಣದ್ದು ಮಾತ್ರವಲ್ಲ, ಕಾಗದಪತ್ರ ಮಾಡಿಸಿಕೊಳ್ಳಬಲ್ಲ ಶಕ್ತಿಯದ್ದೂ ಹೌದು.

ಇಷ್ಟು ಹೇಳಿದ ಮೇಲೆ ವೈದ್ಯನಾಗಿ ಇನ್ನೊಂದು ಮಾತನ್ನೂ ಹೇಳಲೇಬೇಕು. ಪರವಾನಗಿ ಮೆಥನಾಲನ್ನು ತಡೆಯುತ್ತದೆ, ಎಥನಾಲನ್ನು ತಡೆಯುವುದಿಲ್ಲ. ಅಜ್ಜನ ಯಕೃತ್ತನ್ನು ತಿಂದದ್ದು ಶುದ್ಧ ಗಂಗಸರವೇ. ಮದ್ಯ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಹೇಳಿದೆ. ಸುರಕ್ಷಿತ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿತು. 'ಕೈಯಿಂದ ಮಾಡಿದ್ದು, ಸಣ್ಣ ಪ್ರಮಾಣದ್ದು, ಮನೆತನದ್ದು' ಎಂಬ ಚೀಟಿ ಅಂಟಿಸಿದರೆ ಯಕೃತ್ತು ಅದನ್ನು ಓದುವುದಿಲ್ಲ. ಆದ್ದರಿಂದ ಗೇರುಗುಡ್ಡದ ಹಣ್ಣು ವ್ಯರ್ಥವಾಗುತ್ತಿದೆ, ನಾವೂ ಫೆನ್ನಿ ಮಾಡೋಣ ಎನ್ನುವ ಗೆಳೆಯರಿಗೆ ನಾನು ಅರ್ಧ ಮನಸ್ಸಿನಿಂದಲೇ ಹೌದೆನ್ನುತ್ತೇನೆ. ಬಹಿರಂಗವಾಗಿ, ಹೆಸರು ಹಾಕಿ, ಪರೀಕ್ಷೆ ಮಾಡಿಸಿ ಮಾಡುವುದಾದರೆ ಪೊದೆಯೊಳಗಿನ ಭಟ್ಟಿಗಿಂತ ಸಾವಿರ ಪಾಲು ಮೇಲು. ಆದರೆ ಅದನ್ನು ಸಂಸ್ಕೃತಿ ಎಂದು ಹಾಡಿ ಹೊಗಳಲು ನನ್ನನ್ನು ಕರೆಯಬೇಡಿ.

ಹೊರಡಲು ಸಿದ್ಧರಾಗಿರುವ ತಮ್ಮಂದಿರಿಗೆ ಹೇಳುವುದು ಕಡಿಮೆ, ಆದರೆ ಅದನ್ನು ಗಟ್ಟಿಯಾಗಿ ಹೇಳುತ್ತೇನೆ. ಕುಡಿಯದಿದ್ದರೆ ಅತ್ಯುತ್ತಮ. ಬಹರೈನಿನಲ್ಲಿ ಮದ್ಯ ಸಿಗುತ್ತದೆ ಎಂದರೆ ಕುಡಿದು ಏನು ಮಾಡಿದರೂ ನಡೆಯುತ್ತದೆ ಎಂದಲ್ಲ. ಕುಡಿದು ವಾಹನ ಹತ್ತಿದವನಿಗೆ ಜೈಲು, ದಂಡ, ಕೆಲಸ ಹೋಗಿ ಊರಿನ ದಾರಿ, ಎಲ್ಲವೂ ಕಾದಿರುತ್ತವೆ. ಚೀಟಿಯಿಲ್ಲದ ಬಾಟಲಿಯನ್ನು, ಕೊಟ್ಟವನು ಸ್ವಂತ ಊರಿನವನೇ ಆಗಿದ್ದರೂ, ಮುಟ್ಟಬೇಡಿ. ಕುಡಿದ ಮರುದಿನ ಕೋಣೆಯ ಗೆಳೆಯನಿಗೆ ಕಣ್ಣು ಮಂಜಾದರೆ, ಉಸಿರು ಏದುತ್ತಿದ್ದರೆ, ಮಜ್ಜಿಗೆ ಹುಡುಕಬೇಡಿ, ಬಿಸಿಲಿನ ಕಥೆ ಕಟ್ಟಬೇಡಿ. 999ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ಏನು ಕುಡಿದದ್ದು, ಎಷ್ಟು ಹೊತ್ತಿಗೆ ಎಂಬ ಎರಡು ಪ್ರಶ್ನೆಗೆ ನಿಜ ಹೇಳಿ. ಕಣ್ಣು ಉಳಿಯುವುದು ಆ ಉತ್ತರ ಎಷ್ಟು ಬೇಗ ಬಂತು ಎಂಬುದರ ಮೇಲೆ. ಪೊಲೀಸರ ಭಯ ನನಗೂ ಅರ್ಥವಾಗುತ್ತದೆ. ಆದರೆ ಊರಿಗೆ ಹಿಂದಿರುಗಿ ಬೇರೆ ಕೆಲಸ ಹುಡುಕಿಕೊಂಡವರನ್ನು ಕಂಡಿದ್ದೇನೆ. ಕಣ್ಣನ್ನು ಮತ್ತೆ ಹುಡುಕಿಕೊಂಡವರನ್ನು ಕಂಡಿಲ್ಲ.

ಊರಿನಲ್ಲಿರುವ ಹಿರಿಯರಲ್ಲಿ ಒಂದೇ ವಿನಂತಿ. ಮುಂದಿನ ಕರೆಯಲ್ಲಿ ಊಟವಾಯಿತೇ ಎಂಬುದರ ಬಳಿಕ ಇನ್ನೊಂದು ಪ್ರಶ್ನೆ ಕೇಳಿ. ಗದರಿಸಲಿಕ್ಕಲ್ಲ, ಗದರಿಸಿದರೆ ಉತ್ತರ ಬರುವುದಿಲ್ಲ, ಸಕ್ಕರೆ ಕಾಯಿಲೆ ಬರುತ್ತದೆ.

ಅಮ್ಮ ಮಾರ್ಚ್‌ನಲ್ಲಿ ಊರಿಗೆ ಹೊರಟರು. ಹೊರಡುವ ಮುನ್ನ ತಮ್ಮನಿಗೂ ಈ ಕಥೆಯನ್ನು ತಾವೇ ಹೇಳುವುದಾಗಿ ನನ್ನಿಂದ ಬಾಯಿ ಮುಚ್ಚಿಸಿದ್ದರು, ಹೇಳಿದರು ಕೂಡ. ಇದನ್ನು ಬರೆಯಲು ಅನುಮತಿ ಕೇಳಿದಾಗ ಸ್ವಲ್ಪ ಯೋಚಿಸಿ, "ನಿನ್ನ ಅಜ್ಜ ನೀರು ಬೆರೆಸಿ ಮಾರಿದವರಲ್ಲ, ಅದನ್ನೂ ಬರೆ" ಎಂದರು. ಬರೆದಿದ್ದೇನೆ. ಆ ಮುದುಕರು ಕೊಟ್ಟ ಖರ್ಜೂರದ ನೀರಿನ ಬಾಟಲಿಯನ್ನು ಸೀರೆಗಳ ನಡುವೆ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದರು. ಮಂಗಳೂರು ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆರೆಸಿದ ಅಧಿಕಾರಿ ಬಾಟಲಿಯನ್ನು ಬೆಳಕಿಗೆ ಹಿಡಿದು "ಇದೇನಮ್ಮ?" ಎಂದು ಕೇಳಿದರಂತೆ. ಅಮ್ಮ ಮುಚ್ಚಳ ತೆಗೆದು ಅವರ ಮೂಗಿನ ಹತ್ತಿರ ಹಿಡಿದು, "ಮೂಸಿ ನೋಡಿ" ಎಂದರಂತೆ. ಅಧಿಕಾರಿ ಮೂಸಿ, ಮುಚ್ಚಳ ಹಾಕಿ, ಹಿಂದಿರುಗಿಸಿದರು. ಈಗ ಅದು ಮುಗಿಯುತ್ತ ಬಂದಿದೆಯಂತೆ. ಈ ಸಲ ಊರಿಗೆ ಬರುವವರು ಯಾರಾದರೂ ಇದ್ದರೆ ಎರಡು ಬಾಟಲಿ ಕಳಿಸು, ಪಕ್ಕದ ಮನೆಯವರೂ ಕೇಳುತ್ತಿದ್ದಾರೆ ಎಂದು ನಿನ್ನೆ ಫೋನಿನಲ್ಲಿ ಹೇಳಿದರು.